ಎಡಕ್ಕೆ ಗಿಟಾರ್, ಬಲಕ್ಕೆ ಗೋಡೌನ್

ಕೊಡಗಿನ ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುತ್ತಿದ್ದೆವು. ಬೇತ್ರಿ ಸೇತುವೆ ಇನ್ನೂ ಬಂದಿರಲಿಲ್ಲ. ಜೀಪಿನ ಎಡಗಡೆ ಸ್ಪೀಕರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಜುಲೈ ಕೊನೆಯ ವಾರ, ಕಕ್ಕಡ ತಿಂಗಳ ಮಳೆ. ಬಾಗಿಲ ಸಂದಿಯಿಂದ ನೀರು ಇಳಿದು ಒಳಗೆ ಹೊಕ್ಕಿರಬೇಕು.

ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಬೆಂಗಳೂರಿನಲ್ಲಿ ಓದುತ್ತಾನೆ. ಗಿಟಾರ್ ಹುಚ್ಚು ಅವನಿಗೆ ನನ್ನಿಂದಲೇ ಹತ್ತಿದ್ದು.

"ಮಾವ, ಗಿಟಾರ್ ಎಲ್ಲಿ ಹೋಯ್ತು?"

ಹೌದಲ್ವಾ! ಡ್ರಮ್ಸ್ ಇದೆ, ಬೇಸ್ ಇದೆ, ಹಾಡುವವರ ದನಿ ಇದೆ. ಗಿಟಾರ್ ಮಾತ್ರ ಇಲ್ಲ. ಪೂರ್ತಿ ಇಲ್ಲ ಅಂತಲೂ ಅಲ್ಲ. ಗುಡ್ಡದ ಆಚೆ ಯಾರೋ ನುಡಿಸುತ್ತಿರುವ ಹಾಗೆ, ತೆಳ್ಳಗೆ, ಬಾಲ ಎಳೆದುಕೊಂಡು ಬರುತ್ತಿತ್ತು. ಜೀಪನ್ನು ಬದಿಗೆ ಹಾಕಿದೆ. ಎಂಜಿನ್ ಆಫ್ ಮಾಡಿದೆ. ಇಬ್ಬರೂ ಬಲಗಡೆ ಸ್ಪೀಕರಿಗೆ ಕಿವಿ ಕೊಟ್ಟು ಕೂತೆವು.

ಬರುತ್ತಿದ್ದದ್ದು ಅಮೆರಿಕದ ವ್ಯಾನ್ ಹೇಲನ್ ಅನ್ನುವ ರಾಕ್ ತಂಡದ ಮೊದಲ ಆಲ್ಬಮ್. 1977ರಲ್ಲಿ ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೊದಲ್ಲಿ ರೆಕಾರ್ಡ್ ಆಗಿ, 1978ರ ಫೆಬ್ರವರಿಯಲ್ಲಿ ಹೊರಬಂದದ್ದು. ಗಿಟಾರ್ ಎಡ್ಡಿ ವ್ಯಾನ್ ಹೇಲನ್ ಅವರದು. ರೆಕಾರ್ಡಿಂಗ್ ಹೊತ್ತಿಗೆ ಅವರಿಗೆ ಬರೀ 22 ವರ್ಷ. ನಾನು ಇದನ್ನು ಮೊದಲು ಕೇಳಿದ್ದು ಮೈಸೂರಿನ ಹಾಸ್ಟೆಲಿನಲ್ಲಿ, ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ. ಅವತ್ತಿನಿಂದ ಆ ಸದ್ದು ನನ್ನನ್ನು ಬಿಟ್ಟಿಲ್ಲ. ದಪ್ಪಗೆ, ಬೆಚ್ಚಗೆ, ಒಳಗೊಳಗೇ ಸುಳಿ ತಿರುಗುವ ಸದ್ದು. ಒಂದಲ್ಲ, ನಾಲ್ಕಾರು ಗಿಟಾರುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ ಅಂತಲೇ ನಂಬಿದ್ದೆ. ಎಡಗಡೆ ಜೋರಾಗಿ ಒಂದು, ಬಲಗಡೆ ಮೆಲ್ಲಗೆ ಇನ್ನೊಂದು, ನಡುವೆ ಎಲ್ಲೋ ಮತ್ತೆರಡು.

ಆ ನಂಬಿಕೆಯ ಮೇಲೆ ಎಷ್ಟು ರಾತ್ರಿ ಕಳೆದಿದ್ದೇನೆ! ಕಂಪ್ಯೂಟರಿನಲ್ಲಿ ಒಂದೇ ರಿಫ್ ಅನ್ನು, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛವನ್ನು, ಎಂಟೆಂಟು ಸಲ ನುಡಿಸಿ ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಕಿದ್ದೇನೆ. ಒಂದೊಂದಕ್ಕೂ ಫೇಸರ್, ಅಂದರೆ ಸದ್ದಿಗೆ ಸುಳಿ ಕೊಡುವ ಸಾಧನ. ಕೇಳಿದರೆ ಗದ್ದೆಯ ಕೆಸರು. ದಪ್ಪ ಬರುತ್ತಿತ್ತು, ಹರಿತ ಹೋಗುತ್ತಿತ್ತು. ಎಷ್ಟೇ ಹುಷಾರಾಗಿ ನುಡಿಸಿದರೂ ಎಂಟು ಸಲವೂ ಪಿಕ್ ತಂತಿಗೆ ತಾಗುವ ಕ್ಷಣ ಒಂದೇ ಆಗುವುದಿಲ್ಲ. ಕೂದಲೆಳೆಯಷ್ಟು ಹಿಂದೆ ಮುಂದೆ ಆಗಿಯೇ ಆಗುತ್ತದೆ. ಎಂಟು ಹರಿತ ಸೇರಿದರೆ ಒಂದು ಮೊಂಡು. ಅದರ ಮೇಲೆ ಎಂಟು ಫೇಸರ್‌ಗಳು ಎಂಟು ದಿಕ್ಕಿಗೆ ತಿರುಗಿದರೆ ಸುಳಿಯೇ ಕಾಣುವುದಿಲ್ಲ.

ಈಗ ಬೇತ್ರಿ ದಾರಿಯಲ್ಲಿ, ಒಂದು ಸ್ಪೀಕರ್ ಸತ್ತ ಮೇಲೆ ಗೊತ್ತಾಯಿತು. ಬಲಗಡೆ ಇನ್ನೊಂದು ಗಿಟಾರ್ ಇಲ್ಲವೇ ಇಲ್ಲ. ಅಲ್ಲಿರುವುದು ಎಡಗಡೆ ಗಿಟಾರಿನ ಪ್ರತಿಧ್ವನಿ ಮಾತ್ರ.

ಮನೆಗೆ ಬಂದು ಓದಿದೆ. ಗೊತ್ತಿದ್ದವರಿಗೆ ಇದು ಹಳೇ ಸುದ್ದಿ. ನಿರ್ಮಾಪಕ ಟೆಡ್ ಟೆಂಪಲ್‌ಮನ್, ಎಂಜಿನಿಯರ್ ಡಾನ್ ಲ್ಯಾಂಡಿ. ತಂಡದಲ್ಲಿ ಗಿಟಾರ್ ಒಂದೇ. ಹೆಚ್ಚಿನದೆಲ್ಲ ನಾಲ್ವರೂ ಒಟ್ಟಿಗೆ ನಿಂತು ನುಡಿಸಿದ್ದು. ಆ ಒಂದು ಗಿಟಾರನ್ನು ಎಡಕ್ಕೆ ಇಟ್ಟರು, ಅದರ ರಿವರ್ಬನ್ನು, ಅಂದರೆ ಪ್ರತಿಧ್ವನಿಯನ್ನು, ಬಲಕ್ಕೆ ಕಳಿಸಿದರು. ಅಷ್ಟೇ. ನಾನು ಪದರ ಪದರ ಅಂದುಕೊಂಡದ್ದು ಒಂದು ಗಿಟಾರ್ ಮತ್ತು ಅದರ ಸುತ್ತಲಿನ ಜಾಗ.

ಹಾಗಂತ ಪದರ ಕಟ್ಟುವುದು ತಪ್ಪು ಅಂತಲ್ಲ. ಕ್ವೀನ್ ತಂಡದ ಬ್ರಯನ್ ಮೇ ಅಪ್ಪನ ಜೊತೆ ಮನೆಯಲ್ಲೇ ಮಾಡಿಕೊಂಡ ಗಿಟಾರಿನಲ್ಲಿ ಒಂದರ ಮೇಲೊಂದು ಟ್ರ್ಯಾಕ್ ಹಾಕಿ ದೊಡ್ಡ ವಾದ್ಯವೃಂದವನ್ನೇ ಕಟ್ಟಿದರು. ಅಲ್ಲಿ ಒಂದೊಂದು ಗಿಟಾರಿಗೂ ಬೇರೆ ಬೇರೆ ಸ್ವರ, ಬೇರೆ ಬೇರೆ ಕೆಲಸ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ದುಡಿಕೊಟ್ಟ್ ಪಾಟ್ ಹಾಡುವವರನ್ನು ನೋಡಿ. ನಾಲ್ಕು ಜನ, ದುಡಿ ಅನ್ನುವ ಪುಟ್ಟ ಚರ್ಮವಾದ್ಯ ನಾಲ್ಕು. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ದನಿಗಳು ಬೇರೆ ಬೇರೆ ಎದೆಯಿಂದ ಬರುತ್ತವೆ, ಅದಕ್ಕೇ ಅಷ್ಟು ತುಂಬಿ ಬರುತ್ತದೆ. ಈ ಆಲ್ಬಮ್ಮಿನಲ್ಲೂ 'ಐಂಟ್ ಟಾಕಿನ್ ಬೌಟ್ ಲವ್' ಹಾಡಿನ ಸೋಲೊ ಜೊತೆ ಒಂದು ಎಲೆಕ್ಟ್ರಿಕ್ ಸಿತಾರ್ ಸೇರಿಸಿದ್ದಾರೆ. ಅದೇ ಸ್ವರ, ಬೇರೆ ವಾದ್ಯ. ಕಿವಿಗೆ ಸಿತಾರ್ ಅಂತ ಅನಿಸುವುದೇ ಇಲ್ಲ, ಗಿಟಾರಿಗೆ ಒಂದು ತಾಮ್ರದ ಅಂಚು ಕಟ್ಟಿದ ಹಾಗೆ ಕೇಳುತ್ತದೆ. ನಾನು ಮಾಡುತ್ತಿದ್ದದ್ದು ಇದು ಯಾವುದೂ ಅಲ್ಲ. ಒಬ್ಬನೇ ಎಂಟು ಸಲ ಒಂದೇ ಮಾತು ಹೇಳುತ್ತಿದ್ದೆ.

ಹಾಗಾದರೆ ಆ ಸುಳಿ?

ಅದು ಫೇಸರಿನದು. ಎಂಎಕ್ಸ್‌ಆರ್ ಕಂಪನಿಯ ಫೇಸ್ 90 ಅನ್ನುವ, ಕಾಲಲ್ಲಿ ಒತ್ತುವ ಪೆಡಲ್. ಕಿತ್ತಳೆ ಬಣ್ಣದ, ಅಂಗೈಯಲ್ಲಿ ಕೂರುವ ಡಬ್ಬಿ. ಅಮೆರಿಕದ ರಾಚೆಸ್ಟರ್‌ನಲ್ಲಿ 1974ರ ಸುಮಾರಿಗೆ ಬಂದದ್ದು. ತಿರುಗಿಸಲು ಇರುವುದು ಒಂದೇ ಗುಂಡಿ, ವೇಗದ್ದು. ಆದರೆ ಈ ಸುಳಿಯ ಸದ್ದನ್ನು ನಾನು ಪೆಡಲ್ ಅನ್ನುವ ಪದ ಕೇಳುವುದಕ್ಕೂ ಮೊದಲೇ ಕೇಳಿದ್ದೆ, ನಮ್ಮ ಜಗಲಿಯಲ್ಲಿ.

ಅಜ್ಜನ ಹತ್ತಿರ ಒಂದು ವಾಲ್ವ್ ರೇಡಿಯೊ ಇತ್ತು. ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ಬಿಸಿ ಆಗಬೇಕು, ಬಿಸಿ ಧೂಳಿನ ವಾಸನೆ ಬರಬೇಕು, ಆಮೇಲೆ ಎಲ್ಲೋ ಆಳದಿಂದ ದನಿ ಎದ್ದು ಬರುತ್ತಿತ್ತು. ರಾತ್ರಿ ಶಾರ್ಟ್‌ವೇವ್‌ನಲ್ಲಿ ರೇಡಿಯೊ ಸಿಲೋನ್ ಹಾಕುತ್ತಿದ್ದರು. ಹಾಡು ಒಂದೇ ಸಮ ಬರುತ್ತಿರಲಿಲ್ಲ. ಉಬ್ಬಿ ಬರುತ್ತಿತ್ತು, ಮತ್ತೆ ಟೊಳ್ಳಾಗುತ್ತಿತ್ತು. ಹಾಡುವವರು ಕೊಡದೊಳಗೆ ಬಾಯಿಟ್ಟ ಹಾಗೆ ಆಗಿ, ಮತ್ತೆ ತೆರೆದುಕೊಳ್ಳುತ್ತಿತ್ತು. ನಾನು ಗುಂಡಿ ತಿರುಗಿಸಲು ಹೋದರೆ ಅಜ್ಜ ಬಿಡುತ್ತಿರಲಿಲ್ಲ. "ಮುಟ್ಬೇಡ ಮಗ. ಸ್ಟೇಷನ್ ಉಸಿರಾಡ್ತಾ ಇದೆ. ಬರ್ತದೆ" ಅನ್ನುತ್ತಿದ್ದರು.

ಉಸಿರಾಟದ ಕಾರಣ ಆಕಾಶದಲ್ಲಿತ್ತು. ಶಾರ್ಟ್‌ವೇವ್ ಅಲೆ ಮೇಲೆ ಹೋಗಿ, ಅಯಾನುಗೋಳ ಅನ್ನುವ ಆಕಾಶದ ಪದರಕ್ಕೆ ಬಡಿದು ಕೆಳಗೆ ಬರುತ್ತದೆ. ಒಂದೇ ದಾರಿಯಲ್ಲಿ ಬಂದರೆ ತೊಂದರೆ ಇಲ್ಲ. ಆದರೆ ಅದೇ ಅಲೆ ಒಂದು ಹತ್ತಿರದ ದಾರಿಯಲ್ಲೂ ಒಂದು ದೂರದ ದಾರಿಯಲ್ಲೂ ಬರುತ್ತದೆ. ಎರಡೂ ಒಟ್ಟಿಗೆ ತಳ್ಳಿದರೆ ಸದ್ದು ಉಬ್ಬುತ್ತದೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಅಷ್ಟು ಭಾಗ ಸದ್ದೇ ಇಲ್ಲ. ಆಕಾಶದ ಆ ಪದರ ಸುಮ್ನೆ ನಿಲ್ಲುವುದೂ ಇಲ್ಲ, ಅಲ್ಲಾಡುತ್ತಲೇ ಇರುತ್ತದೆ. ಅದಕ್ಕೇ ಆ ಸುಳಿ.

ಇದನ್ನು ಓದಿದಾಗ ನನಗೆ ಮೈ ಜುಂ ಅಂದದ್ದು ಇನ್ನೊಂದು ಕಾರಣಕ್ಕೆ. ಜಪಾನಿನ ಎಂಜಿನಿಯರ್ ಫುಮಿಯೊ ಮಿಯೆಡಾ 1960ರ ದಶಕದಲ್ಲಿ ಯೂನಿ-ವೈಬ್ ಅನ್ನುವ ಪೆಟ್ಟಿಗೆ ಮಾಡಿದರು. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ 1969ರಲ್ಲಿ ವುಡ್‌ಸ್ಟಾಕ್ ವೇದಿಕೆಗೆ ಒಯ್ದದ್ದು ಅದನ್ನೇ. ಅದು ಇವತ್ತಿನ ಫೇಸರ್‌ಗಳ ಹಿರಿಯಣ್ಣ. ಅದರ ಯೋಚನೆ ಮಿಯೆಡಾ ಅವರಿಗೆ ಬಂದದ್ದು ರೇಡಿಯೊ ಮಾಸ್ಕೋ ಅಲೆ ಅಲೆಯಾಗಿ ಬರುವುದನ್ನು ಕೇಳಿ. ಅವರು ಜಪಾನಿನಲ್ಲಿ ಕೇಳಿದ ಆ ಸುಳಿಯನ್ನೇ ಅಲ್ವಾ ನಾವು ಇಲ್ಲಿ ಕಾಫಿ ತೋಟದ ನಡುವೆ ಸಿಲೋನ್ ಹಾಕಿ ಕೇಳುತ್ತಿದ್ದದ್ದು!

ಫೇಸ್ 90 ಕೂಡ ಅದನ್ನೇ ಪುಟ್ಟ ಡಬ್ಬಿಯೊಳಗೆ ಮಾಡುತ್ತದೆ. ಗಿಟಾರಿನ ಸದ್ದನ್ನು ಎರಡು ಮಾಡುತ್ತದೆ. ಒಂದು ನೇರ ಹೋಗುತ್ತದೆ. ಇನ್ನೊಂದು ನಾಲ್ಕು ಹಂತ ದಾಟಿ, ಹಂತ ಹಂತಕ್ಕೂ ಸ್ವಲ್ಪ ತಿರುಚಿಕೊಂಡು ಬರುತ್ತದೆ. ಕೊನೆಗೆ ಎರಡೂ ಸೇರಿದಾಗ ಸದ್ದಿನಲ್ಲಿ ಎರಡು ಕಡೆ ತೂತು ಬೀಳುತ್ತದೆ. ಎರಡು ಹಂತಕ್ಕೆ ಒಂದು ತೂತಿನ ಲೆಕ್ಕ. ಆ ತೂತುಗಳನ್ನು ಒಳಗಿನ ಒಂದು ಸರ್ಕ್ಯೂಟ್ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಓಡಾಡಿಸುತ್ತದೆ. ವೇಗದ ಗುಂಡಿ ಹೇಳುವುದು ಆ ಓಡಾಟ ಎಷ್ಟು ಬೇಗ ಅಂತ ಮಾತ್ರ. 'ಅಟಾಮಿಕ್ ಪಂಕ್' ಹಾಡು ಶುರುವಾಗುವುದೇ ಇದನ್ನು ಬಿಚ್ಚಿ ತೋರಿಸುತ್ತಾ. ಎಡ್ಡಿ ಅಲ್ಲಿ ಸ್ವರ ನುಡಿಸುವುದಿಲ್ಲ, ಅಂಗೈಯ ಅಂಚಿನಿಂದ ತಂತಿಗಳನ್ನು ಉಜ್ಜುತ್ತಾರೆ. ಕಣದಲ್ಲಿ ಒಣಗುವ ಕಾಫಿಯನ್ನು ಮರದ ಹಲಗೆಯಿಂದ ಎಳೆದಾಗ ಬರುತ್ತದಲ್ಲ, ಆ ಥರ ಬರೀ ಒರಟು ಸದ್ದು. ಫೇಸರ್ ಅದರೊಳಗೆ ನಡೆದು ಹೋಗುವುದು ಅಲ್ಲಿ ಕಣ್ಣಿಗೆ ಕಂಡಷ್ಟು ಸ್ಪಷ್ಟ.

ನನ್ನ ಹತ್ತಿರ ಇದ್ದದ್ದು ಅದೇ ಪೆಡಲ್, ಈಚೆಗೆ ತಯಾರಾದದ್ದು. ಆದರೂ ಸುಳಿ ಅದೇ ಇರಲಿಲ್ಲ. ನನ್ನದು ಜಾಸ್ತಿ ಕಚ್ಚುತ್ತಿತ್ತು. ಹೆಸರನ್ನು ಕೈಬರಹದಂತೆ ಬರೆದ ಹಳೆಯ ಡಬ್ಬಿಗಳು ಮೆತ್ತಗಿನವು, ಎಡ್ಡಿ ಬಳಸಿದ್ದು ಅಂಥದ್ದನ್ನೇ. ಆಮೇಲೆ ದಪ್ಪ ಅಕ್ಷರದವು ಬಂದವು. ಅವುಗಳಲ್ಲಿ ಹೊರಬಂದ ಸದ್ದಿನ ಒಂದಿಷ್ಟನ್ನು ಮತ್ತೆ ಒಳಕ್ಕೆ ಕಳಿಸುವ ಒಂದು ರೆಸಿಸ್ಟರ್ ಇದೆ. ಸರ್ಕ್ಯೂಟಿನಲ್ಲಿ ಅದರ ಗುರುತು ಆರ್28. ಅದನ್ನು ತೆಗೆದರೆ ಹಳೆಯದರ ಹತ್ತಿರ ಹೋಗುತ್ತದೆ.

ವಿರಾಜಪೇಟೆಯಲ್ಲಿ ನಮಗೆ ಗೊತ್ತಿರುವ ರೇಡಿಯೊ ರಿಪೇರಿಯವರಿದ್ದಾರೆ. ಅಜ್ಜನ ರೇಡಿಯೊಗೆ ಕೊನೆಯ ಸಲ ವಾಲ್ವ್ ಹಾಕಿದ್ದು ಅವರೇ. ಈಗ ಜಾಸ್ತಿ ಬರುವುದು ಮಿಕ್ಸಿ, ಸ್ಟೆಬಿಲೈಸರ್. ಅವತ್ತು ಜೀಪಿನಲ್ಲಿ ನಾವು ಹೋಗುತ್ತಿದ್ದದ್ದು ಅವರ ಅಂಗಡಿಗೇ. ಪೆಡಲನ್ನು ಮೇಜಿನ ಮೇಲೆ ಇಟ್ಟೆ. ನಾಲ್ಕು ಸ್ಕ್ರೂ ಬಿಚ್ಚಿ, ಕನ್ನಡಕ ಹಣೆಗೆ ಏರಿಸಿ, ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಕೆಲಸ ಮಾಡ್ತಿದೆ ಅಲ್ವಾ? ಮತ್ಯಾಕಪ್ಪ ತೆಗೆಸ್ತೀಯ?"

"ಸದ್ದು ಸ್ವಲ್ಪ ಮೆತ್ತಗಾಗ್ಬೇಕಣ್ಣ."

ಅವರು ಇನ್ನೇನೂ ಕೇಳಲಿಲ್ಲ. ಬೆಸುಗೆಯ ಐರನ್ ಬಿಸಿಯಾಗುವವರೆಗೆ ಕಾದರು. ತುದಿಯನ್ನು ಒದ್ದೆ ಸ್ಪಂಜಿಗೆ ಒತ್ತಿದರು, ಚುಂಯ್ ಅಂತು. ಆಮೇಲೆ ರೆಸಿಸ್ಟರಿನ ಒಂದು ಕಾಲಿಗೆ ಮಾತ್ರ ಮುಟ್ಟಿಸಿ, ಚಿಮುಟದಲ್ಲಿ ಮೆಲ್ಲಗೆ ಮೇಲೆತ್ತಿದರು. ಇನ್ನೊಂದು ಕಾಲು ಹಾಗೇ ಇತ್ತು. ಅಕ್ಕಿಕಾಳಿನಷ್ಟು ದೊಡ್ಡದು, ಒಂಟಿ ಕಾಲಲ್ಲಿ ನಿಂತಿತ್ತು.

"ಪೂರ್ತಿ ತೆಗೆಯೋದಿಲ್ಲ. ಒಂದು ಕಾಲು ಎತ್ತಿ ಬಿಟ್ಟಿದ್ದೇನೆ. ನಾಳೆ ನಿಂಗೆ ಮೊದಲಿನದೇ ಬೇಕು ಅನ್ನಿಸಿದ್ರೆ ಮತ್ತೆ ಕೂರಿಸ್ಬಹುದು. ಯಾವುದನ್ನೂ ಕತ್ತರಿಸ್ಬಾರದು ನೋಡು."

ಆ ಕೆಲಸವನ್ನು ನಾನೇ ಮಾಡಿದ್ದರೆ ಕತ್ತರಿಸಿಯೇ ಬಿಡುತ್ತಿದ್ದೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಹಾಕಿದೆ. ಕಚ್ಚುವುದು ನಿಂತಿತ್ತು. ವೇಗದ ಗುಂಡಿಯನ್ನು ಗಡಿಯಾರದಲ್ಲಿ ಒಂಬತ್ತು ಗಂಟೆ ಇರುವ ಕಡೆಗೆ ತಂದಿಟ್ಟೆ. ಸುಳಿ ಈಗ ಇದೆಯೋ ಇಲ್ಲವೋ ಅನ್ನುವ ಹಾಗೆ, ಸ್ವರದ ಅಡಿಯಲ್ಲಿ ಹರಿಯತೊಡಗಿತು. ಇನ್ನೊಂದು ವಿಷಯ. ಕಂಪ್ಯೂಟರಿನಲ್ಲಿ ನಾನು ಯಾವಾಗಲೂ ಫೇಸರನ್ನು ಡಿಸ್ಟಾರ್ಷನ್, ಅಂದರೆ ಸದ್ದು ಒರಟಾಗಿ ಒಡೆಯುವುದು, ಆದ ಮೇಲೆ ಹಾಕುತ್ತಿದ್ದೆ. ಹಾಗೆ ಮಾಡಿದರೆ ವಿಮಾನ ಹಾರಿದ ಹಾಗೆ ದೊಡ್ಡದಾಗಿ ಸುಯ್ಯುತ್ತದೆ. ಎಡ್ಡಿಯವರದು ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್‌ಗಿಂತ ಮುಂಚೆ. ಮೊದಲು ಸುಳಿ, ಆಮೇಲೆ ಒಡೆಯುವುದು. ಆಂಪ್ ಆ ಸುಳಿಯನ್ನು ಅಗಿದು ಅಗಿದು ಕೊಡುತ್ತದೆ. ಅವರು ಸೋಲೊ ಬಂದಾಗ ಪೆಡಲ್ ಒತ್ತುತ್ತಿದ್ದದ್ದು ಸುಳಿಗಿಂತ ಹೆಚ್ಚಾಗಿ ಗಿಟಾರ್ ಒಂದು ಹೆಜ್ಜೆ ಮುಂದೆ ಬರಲಿ ಅಂತ. ಅದು ನನಗೆ ಅರ್ಥವಾದದ್ದು ಈ ಕ್ರಮದಲ್ಲಿ ಹಾಕಿದ ಮೇಲೆ.

ವೋಲ್ಟೇಜಿನ ಕಥೆಯನ್ನೂ ಹೇಳಬೇಕು. ಎಡ್ಡಿ ತಮ್ಮ 100 ವಾಟಿನ ಮಾರ್ಷಲ್ ಆಂಪ್‌ಗೆ ವೇರಿಯಾಕ್ ಅನ್ನುವ ಪೆಟ್ಟಿಗೆ ಹಾಕಿ, ಅಮೆರಿಕದ 120 ವೋಲ್ಟ್ ಕರೆಂಟನ್ನು ಸುಮಾರು 90ಕ್ಕೆ ಇಳಿಸುತ್ತಿದ್ದರು. ಆಂಪ್‌ನ ಗುಂಡಿಗಳೆಲ್ಲ ಪೂರ್ತಿ ತಿರುಗಿಸಿದ್ದರೂ ಕಿವಿ ಒಡೆಯದೆ, ಸದ್ದು ಮೆತ್ತಗೆ ಕುಸಿದು ಏಳುತ್ತಿತ್ತು. ಇಡೀ ಲೋಕದ ಗಿಟಾರಿಸ್ಟುಗಳು ಇದನ್ನು ಗುಟ್ಟು ಅಂತ ಹುಡುಕಿದ್ದಾರೆ. ಕೊಡಗಿನ ತೋಟದ ಮನೆಯಲ್ಲಿ ಇದಕ್ಕೆ ಪೆಟ್ಟಿಗೆ ಬೇಡ. ಫೆಬ್ರವರಿ, ಮಾರ್ಚಿನಲ್ಲಿ ಹೂವು ಬಿಡಿಸಲು ಎಲ್ಲರೂ ಸ್ಪ್ರಿಂಕ್ಲರ್ ಪಂಪು ಹಾಕಿದಾಗ ನಮ್ಮಲ್ಲಿ 230 ಇರಬೇಕಾದದ್ದು 180ಕ್ಕೆ ಇಳಿಯುತ್ತದೆ. ಒಂದು ಸಂಜೆ ಸ್ಟೆಬಿಲೈಸರ್ ಕೆಟ್ಟಿತ್ತು. ನನ್ನ 5 ವಾಟಿನ ಪುಟ್ಟ ವಾಲ್ವ್ ಆಂಪನ್ನು ನೇರ ಗೋಡೆಗೆ ಹಾಕಿದ್ದೆ. ಬಲ್ಬು ಹಳದಿಯಾಯಿತು. ಆಂಪ್ ಕೂಡ ಹಳದಿಯಾಯಿತು, ಹಾಗೇ ಹೇಳಬೇಕು. ಸ್ವರ ಬೇಗ ಒಡೆಯುತ್ತಿತ್ತು, ಬೆರಳಿಗೆ ಮೆತ್ತೆ ಸಿಕ್ಕ ಹಾಗೆ. ಬೇಕಂತಲೇ ಹೀಗೆ ಮಾಡಲು ಹೋಗಬೇಡಿ. ವಾಲ್ವುಗಳಿಗೆ ಒಳ್ಳೆಯದಲ್ಲ, ಮನೆಯ ಫ್ರಿಜ್ಜಿಗಂತೂ ಅಲ್ಲವೇ ಅಲ್ಲ. ನಾನು ಆಂಪ್‌ನ ವಾಲ್ಯೂಮ್ ಏರಿಸಿ, ಗಿಟಾರಿನದನ್ನು ಸ್ವಲ್ಪ ಇಳಿಸಿ ತೃಪ್ತಿಪಟ್ಟೆ.

ಉಳಿದದ್ದು ಬಲಗಡೆ.

ಸನ್‌ಸೆಟ್ ಸೌಂಡ್‌ನಂಥ ಹಳೆಯ ಸ್ಟುಡಿಯೊಗಳಲ್ಲಿ ಎಕೋ ಚೇಂಬರ್ ಅಂತ ಒಂದು ಖಾಲಿ ಕೋಣೆ ಇರುತ್ತದೆ. ಗಟ್ಟಿ ಗೋಡೆ, ಒಳಗೆ ಒಂದು ಸ್ಪೀಕರ್, ಒಂದು ಮೈಕ್. ರೆಕಾರ್ಡ್ ಆದ ಸದ್ದನ್ನು ಆ ಸ್ಪೀಕರಿಗೆ ಕಳಿಸುತ್ತಾರೆ. ಕೋಣೆ ಅದನ್ನು ಸುತ್ತಾಡಿಸಿ ಮೈಕಿಗೆ ಒಪ್ಪಿಸುತ್ತದೆ. ಇದನ್ನು ಓದಿ ಹೇಳುತ್ತಿದ್ದ ಹಾಗೇ ಹುಡುಗ ಎದ್ದು ಕಿಟಕಿಯಿಂದ ಹೊರಗೆ ನೋಡಿದ. ನಾನೂ ನೋಡಿದೆ. ಅಂಗಳದ ಆಚೆ ಕಾಫಿ ಗೋಡೌನ್. ಸಿಮೆಂಟ್ ನೆಲ, ಸುಣ್ಣದ ಗೋಡೆ, ಎತ್ತರಕ್ಕೆ ಮಂಗಳೂರು ಹೆಂಚು. ಕಾಫಿ ಎಲ್ಲ ಹೋಗಿಯಾಗಿತ್ತು. ಮಳೆಗಾಲದಲ್ಲಿ ಅದು ಖಾಲಿ.

ಪೂರ್ತಿ ಖಾಲಿ ಅಲ್ಲ, ಖಾಲಿ ಗೋಣಿಚೀಲ ಇದ್ದವು. ಮೊದಲ ಸಲ ಸ್ಪೀಕರ್ ಇಟ್ಟು ನುಡಿಸಿದಾಗ ಸದ್ದು ಹೋದ ಕೂಡಲೇ ಸತ್ತಿತು. ಗೋಣಿ ಎಲ್ಲವನ್ನೂ ಕುಡಿದುಬಿಡುತ್ತಿತ್ತು. ಹುಡುಗ ಒಂದೊಂದೇ ಕಟ್ಟು ಹೊತ್ತು ಜಗಲಿಗೆ ಹಾಕುತ್ತಾ ಹೋದ. ಒಂದು ಕಟ್ಟು ಹೊರಗೆ ಹೋದ ಮೇಲೆ ಒಂದು ಚಪ್ಪಾಳೆ. ಮತ್ತೊಂದು ಕಟ್ಟು, ಮತ್ತೊಂದು ಚಪ್ಪಾಳೆ. ಬಾಲ ಉದ್ದವಾಗುತ್ತಾ ಬಂತು. ಕೊನೆಯ ಕಟ್ಟು ತೆಗೆದಾಗ ಚಪ್ಪಾಳೆ ಹೆಂಚಿನವರೆಗೆ ಏರಿ, ನಿಧಾನವಾಗಿ ಇಳಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎಡಗಡೆಗೆ ಬೇಕಾದ ಗಿಟಾರನ್ನು ಮೊದಲೇ ರೆಕಾರ್ಡ್ ಮಾಡಿದ್ದೆ. ಒಂದೇ ಸಲ, ಒಂದೇ ಟ್ರ್ಯಾಕ್. ತಂತಿಗಳನ್ನು ಎಡ್ಡಿಯವರ ಹಾಗೆ ಅರ್ಧ ಸ್ವರ ಇಳಿಸಿದ್ದೆ. ಅದನ್ನು ಗೋಡೌನಿನ ಒಂದು ಮೂಲೆಯ ಸ್ಪೀಕರಿನಲ್ಲಿ ಹಾಕಿ, ಇನ್ನೊಂದು ಮೂಲೆಯಲ್ಲಿ ಮೈಕ್ ಇಟ್ಟೆವು. ಮೈಕಿನ ಮುಖ ಸ್ಪೀಕರಿನ ಕಡೆಗಲ್ಲ, ಗೋಡೆಯ ಕಡೆಗೆ. ನೇರ ಬರುವ ಸದ್ದು ನಮಗೆ ಬೇಡ, ಸುತ್ತಿ ಬರುವುದು ಸಾಕು.

ಆದರೆ ಕಕ್ಕಡದ ಮಳೆ. ಹೆಂಚಿನ ಮೇಲೆ ಬೀಳುವ ಮಳೆಯೇ ಮೈಕಿನ ತುಂಬಾ. ಮೂರು ರಾತ್ರಿ ಕಾದೆವು. ಮೂರನೆಯ ದಿನ ಬೆಳಗಿನ ಜಾವ ಎರಡೂವರೆಗೆ ಹುಡುಗ ಬಂದು ಎಬ್ಬಿಸಿದ. "ಮಾವ, ನಿಂತಿದೆ." ಟಾರ್ಚ್ ಹಿಡಿದು ಓಡಿದೆವು. ಅಮ್ಮ ಒಳಗಿನಿಂದ "ಯಾರೋ ಅದು?" ಅಂತ ಕೂಗಿದರು. "ನಾವೇ ಅಮ್ಮ, ಗೋಡೌನಿಗೆ" ಅಂದೆ. ಹತ್ತು ನಿಮಿಷ ಸಿಕ್ಕಿತು. ಅಷ್ಟರಲ್ಲಿ ಎರಡು ಸಲ ರೆಕಾರ್ಡ್ ಮಾಡಿದೆವು. ಎರಡನೆಯದರ ಕೊನೆಯಲ್ಲಿ ಮಳೆ ಮತ್ತೆ ಶುರುವಾಯಿತು. ಮೊದಲು ಕೊಟ್ಟಿಗೆಯ ಶೀಟಿನ ಮೇಲೆ, ಆಮೇಲೆ ನಮ್ಮ ತಲೆಯ ಮೇಲೆ.

ಬೆಳಿಗ್ಗೆ ಕಾಫಿ ಕುಡಿದು ಕಂಪ್ಯೂಟರ್ ಮುಂದೆ ಕೂತೆವು. ಗಿಟಾರನ್ನು ಎಡಕ್ಕೆ ತಳ್ಳಿದೆ. ಗೋಡೌನನ್ನು ಬಲಕ್ಕೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದೆ. ಹಾಸ್ಟೆಲಿನ ಕ್ಯಾಸೆಟ್ಟಿನಲ್ಲಿ ಕೇಳಿದ ಆ ದಪ್ಪ ಇತ್ತು. ನಾಲ್ಕಾರು ಗಿಟಾರ್ ಇದ್ದ ಹಾಗೇ ಇತ್ತು. ಇದ್ದದ್ದು ಒಂದೇ. ಸ್ವರ ಎಡದಲ್ಲಿ ಹುಟ್ಟಿ, ಸುಳಿ ತಿರುಗಿ, ತಲೆಯ ಒಳಗಿಂದ ದಾಟಿ, ಬಲಗಡೆ ಹೆಂಚಿನ ಅಡಿಯಲ್ಲಿ ಹೋಗಿ ಕೂರುತ್ತಿತ್ತು. ಎಡ್ಡಿಯವರ ಕೈ ನನ್ನದಲ್ಲ, ಅದು ಬೇರೆ ಮಾತು. ಅವರು 2020ರ ಅಕ್ಟೋಬರಿನಲ್ಲಿ ಹೋದಾಗ ಇಡೀ ದಿನ ನಾನು ಗಿಟಾರ್ ಮುಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಹೆಡ್‌ಫೋನ್ ತೆಗೆದಾಗ ಅದು ನೆನಪಾಯಿತು.

ಹೆಡ್‌ಫೋನನ್ನು ಹುಡುಗನಿಗೆ ಕೊಟ್ಟೆ. ಅವನು ಪೂರ್ತಿ ಕೇಳಿ, ಏನೂ ಹೇಳದೆ, ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಜೀಪಿಗೆ ಹೋದ. ನಾನೂ ಹಿಂದೆಯೇ ಹೋದೆ. ಎಡಗಡೆ ಸ್ಪೀಕರ್ ಇನ್ನೂ ಸತ್ತೇ ಇತ್ತು. ಬಲಗಡೆಯಿಂದ ನಮ್ಮ ಗೋಡೌನ್ ಮಾತ್ರ ಬಂತು. ಗುಡ್ಡದ ಆಚೆ ಒಂದು ಗಿಟಾರ್, ಸೂರಿನಿಂದ ತೊಟ್ಟಿಕ್ಕುವ ನೀರು. ಕೊನೆಯಲ್ಲಿ ಶೀಟಿನ ಮೇಲೆ ಬಿದ್ದ ಮೊದಲ ಹನಿಗಳು.

"ಮಳೆ ಸದ್ದು ತೆಗೀಬೇಕಾ ಮಾವ?"

"ಬೇಡ. ಇರ್ಲಿ" ಅಂದೆ.

ಎರಡನೆಯ ರೆಕಾರ್ಡಿಂಗನ್ನೇ ಇಟ್ಟುಕೊಂಡಿದ್ದೇವೆ. 'ಅಟಾಮಿಕ್ ಪಂಕ್' ಶುರುವಿನ ಆ ಉಜ್ಜುವ ಸದ್ದು ಇನ್ನೂ ನನ್ನ ಕೈಗೆ ಕೂತಿಲ್ಲ. ಅಂಗೈಯ ಅಂಚು ಕೆಂಪಾಗಿದೆ. ದಸರಾ ರಜೆಗೆ ಹುಡುಗ ಬರುತ್ತಾನೆ. ಹೊಸ ಕಾಫಿ ಬರುವ ಮುಂಚೆ, ಗೋಡೌನ್ ಖಾಲಿ ಇರುವಾಗಲೇ, ಅದನ್ನು ಹಿಡಿಯಬೇಕು.